ಅವ್ವನ ಕೌದಿ ಕಿಟಕಿಗೆ ಅಂಟ್ಕೊಂಡಿತ್ತು

ಡಿಸೆಂಬರ್ ಕೊನೆ, ಅಮೆರಿಕದ ಅರಿಜೋನಾ, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಸೌತ್ ರಿಮ್, ಅಂದ್ರೆ ದಕ್ಷಿಣದ ಅಂಚು. ಕಾರಿನ ಹಿಂದೆ ಕಟ್ಕೊಂಡು ಹೋಗೋ ಪುಟ್ಟ ಮನೆಯಂಥ ನಮ್ಮ ಟ್ರೇಲರಲ್ಲಿ ಮಲಗಿದ್ವಿ. ಬೆಳಗಿನ ಜಾವ ಐದಕ್ಕೆ ಅವ್ವ ನನ್ನ ಅಲುಗಾಡಿಸಿ ಎಬ್ಬಿಸಿದ್ಲು, "ಕೌದಿ ಕಿಡಕಿಗೆ ಹತ್ಕೊಂಡೈತಿ, ಜಗ್ಗಿದ್ರೂ ಬರವಲ್ದು ನೋಡಪಾ." ಟಾರ್ಚ್ ಹಾಕಿ ನೋಡಿದ್ರೆ ನಿಜ, ರಾಯಚೂರಿಂದ ಸೂಟ್‌ಕೇಸಲ್ಲಿ ತಂದಿದ್ದ ಕೌದಿ ಅಂಚು ಕಿಟಕಿ ಅಲ್ಯೂಮಿನಿಯಂ ಫ್ರೇಮ್ ಮೇಲಿನ ಮಂಜುಗಡ್ಡೆಗೆ ಗಟ್ಟಿಯಾಗಿ ಅಂಟಿತ್ತು. ಹೊರಗೆ ಮೈನಸ್ 11. ಹೀಟರ್ ರಾತ್ರಿಯೆಲ್ಲಾ ಓಡಿತ್ತು, ಆದ್ರೂ ಹಾಸಿಗೆ ಕೆಳಗಿನ ಪ್ಲೈವುಡ್ ಕೈಯಿಟ್ರೆ ಒದ್ದೆ.

ಎಲ್ಲಿಂದ ಬಂತು ಇಷ್ಟು ನೀರು ಅಂದ್ರೆ, ನಮ್ಮಿಂದಾನೇ. ಹದಿನಾರು ಅಡಿ ಟ್ರೇಲರ್, ಮೂರು ಜನರ ಉಸಿರು, ರಾತ್ರಿ ಒಳಗೇ ಕುದಿಸಿದ ಅನ್ನ ಸಾರಿನ ಆವಿ, ಒಲೆಯಲ್ಲಿ ಪ್ರೊಪೇನ್ ಗ್ಯಾಸ್ ಉರಿದಾಗ ಅದರಿಂದಾನೂ ನೀರಿನ ಆವಿ ಬರುತ್ತೆ, ಸಾಲದ್ದಕ್ಕೆ ಬಿಸಿ ಹೊರಗೆ ಹೋಗಬಾರ್ದು ಅಂತ ನಾನು ಚಾವಣಿಯ ಗಾಳಿಕಿಂಡಿ, ಅಂದ್ರೆ ವೆಂಟ್, ಬಿಗಿಯಾಗಿ ಮುಚ್ಚಿಬಿಟ್ಟಿದ್ದೆ. ಅದು ನನ್ನ ತಪ್ಪು. ಹೊರಗಿನ ನಲ್ಲಿಯಿಂದ ಬರೋ ನೀರಿನ ಪೈಪ್ ಬೇರೆ ಕೋಲಿನ ಹಾಗೆ ಸೆಟೆದು ನಿಂತಿತ್ತು, ಹತ್ತು ಗಂಟೆ ಬಿಸಿಲು ಬರೋವರೆಗೂ ಒಂದು ಹನಿ ಇಲ್ಲ.

ಇದೇ ಟ್ರೇಲರಲ್ಲಿ ಜುಲೈನಲ್ಲಿ ಪೇಜ್ ಊರಿನ ಹತ್ರ, ಲೇಕ್ ಪೊವೆಲ್ ಕಡೆ ಹೋಗಿದ್ವಿ. ನಾವಿರೋದು ಫೀನಿಕ್ಸ್, 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿದ ಊರು, ಅವ್ವ ಬಂದಿದ್ದು ಅದರ ಮರುವರ್ಷ, ಹಾಗಾಗಿ ಸೆಕೆ ನಮಗೆ ಗೊತ್ತು ಅಂದ್ಕೊಂಡಿದ್ದೆ. ಆದ್ರೆ ತೆಳು ಗೋಡೆ ಡಬ್ಬಿಯೊಳಗಿನ ಸೆಕೆನೇ ಬೇರೆ. ಹೊರಗೆ 41 ಇದ್ರೆ ಎಷ್ಟು ಹೊತ್ತು ಎಸಿ ಓಡಿದ್ರೂ ಒಳಗೆ 30ರ ಕೆಳಗೆ ಇಳಿಯಲ್ಲ. ಮೂರು ಗಂಟೆ ಹೊತ್ತಿಗೆ ಸುತ್ತ ಎಲ್ಲರೂ ಎಸಿ ಹಾಕಿ ವೋಲ್ಟೇಜ್ ಬಿದ್ದು, ವೋಲ್ಟೇಜ್ ಏರುಪೇರಿಂದ ಕಾಪಾಡೋ ನಮ್ಮ ಸರ್ಜ್ ಪ್ರೊಟೆಕ್ಟರ್ ಕರೆಂಟ್ ಕಟ್ ಮಾಡ್ಬಿಡ್ತು. ಎಸಿ ಸುಟ್ಟು ಹೋಗೋದಕ್ಕಿಂತ ಅದೇ ಒಳ್ಳೇದು, ಆದ್ರೆ ಹತ್ತೇ ನಿಮಿಷಕ್ಕೆ ಒಳಗೆ ಕೂರೋಕಾಗ್ಲಿಲ್ಲ.

ಅವ್ವ ಏನೂ ಹೇಳದೆ ತನ್ನ ಒಂದು ಹಳೇ ಕಾಟನ್ ಸೀರೆ ನೀರಲ್ಲಿ ಅದ್ದಿ ಹಿಂಡಿ ನೆರಳಿನ ಕಡೆ ಕಿಟಕಿಗೆ ಕಟ್ಟಿದ್ಲು. ನಾನು ಬೇರೆ ಕಿಟಕಿಗಳನ್ನ ಮುಚ್ಚಿ ವೆಂಟ್‌ನ ಫ್ಯಾನ್ ಹಾಕಿದೆ, ಅದು ಬ್ಯಾಟರಿ ಮೇಲೇ ಓಡುತ್ತೆ, ಒಳಗಿನ ಗಾಳಿ ಮೇಲಕ್ಕೆ ಎಳೆದಷ್ಟೂ ಹೊರಗಿನ ಒಣಗಾಳಿ ಸೀರೆ ತೂರ್ಕೊಂಡು ತಣ್ಣಗೆ ಬಂತು. ಊರಲ್ಲಿ ಬೇಸಿಗೆಗೆ ಲಾವಂಚದ ತಟ್ಟಿಗೆ ನೀರು ಚಿಮುಕಿಸ್ತಾರಲ್ಲ, ಅದೇ. ಗಾಳಿ ಒಣಗಿದ್ರೆ ಮಾತ್ರ ಇದು ನಡೆಯೋದು, ಮಂಗಳೂರಲ್ಲಿ ಮಾಡಿದ್ರೆ ಬರೀ ಬೆವರು. ಅರ್ಧ ಗಂಟೆಗೊಮ್ಮೆ ಸೀರೆ ಅದ್ದುತ್ತಾ ಸಂಜೆ ತನಕ ಕಳೆದ್ವಿ.

ಜುಲೈನಲ್ಲಿ ಒಳಗೆ ತಂದಿದ್ದ ನೀರನ್ನ ಡಿಸೆಂಬರಲ್ಲಿ ಹೊರಗೆ ಓಡಿಸ್ಬೇಕು, ಅದು ನನ್ನ ತಲೆಗೆ ಹೋಗಿದ್ದು ಕೌದಿ ಬಿಡಿಸ್ತಾ ಕೂತಾಗ.

ಎರಡನೇ ರಾತ್ರಿ ಚಳಿ ಅಷ್ಟೇ ಇತ್ತು. ಪೈಪ್ ಬಿಚ್ಚಿ ಕಾರಲ್ಲಿಟ್ವಿ, ಒಳಗಿನ ಟ್ಯಾಂಕ್ ತುಂಬಿಸ್ಕೊಂಡ್ವಿ, ಅಡುಗೆ ಹೊರಗೆ, ಹಾಸಿಗೆ ಗೋಡೆಯಿಂದ ನಾಲ್ಕು ಬೆರಳು ದೂರ, ವೆಂಟ್ ಎರಡು ಬೆರಳು ತೆಗೆದಿಟ್ವಿ. ಒಲೆ ಸಣ್ಣಗೆ ಉರಿಲಿ, ಬೆಚ್ಚಗಿರ್ತೈತಿ ಅಂದ್ಲು ಅವ್ವ, ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಮುಚ್ಚಿದ ಜಾಗದಲ್ಲಿ ಒಲೆ ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿ ತುಂಬ್ಕೋಬಹುದು, ಅದಕ್ಕೆ ವಾಸನೆನೂ ಇಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಇನ್ನೊಂದು ರಗ್ಗು ಹೊದಿಸಿದೆ. ವೆಂಟ್ ತೆಗೆದಿದ್ದಕ್ಕೆ ಹೀಟರ್‌ಗೆ ಗ್ಯಾಸ್ ಜಾಸ್ತಿನೇ ಹೋಯ್ತು, ಹೋಗ್ಲಿ.

ಬೆಳಗ್ಗೆ ಅವ್ವ ಎದ್ದವಳೇ ಕಿಟಕಿ ಫ್ರೇಮ್ ಮೇಲೆ ಕೈಯಾಡಿಸಿದ್ಲು, ಆಮೇಲೆ ಕೌದಿ ಅಂಚು ಮುಟ್ಟಿ ನೋಡಿದ್ಲು.

"ಒಣಗೈತಿ," ಅಂದ್ಲು. "ಚಾ ಒಳಗ ಇಡ್ಲೋ, ಹೊರಗ ಇಡ್ಲೋ?"