ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮುನ್ನ: ಒಂದು ಮಳೆಗಾಲದ ಸಿದ್ಧತೆಯ ದಾಖಲೆ

ಆಷಾಢದ ಆರಂಭ

ಬಲ ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಚೌತಿ ಕಳೆದ ಮೇಲೆ, ಅಡಿಕೆಗೊನೆ ಇಳಿಸುವ ಕೊನೆಕೊಯ್ಲು ಶುರುವಾಗುವ ಮೊದಲು, ಹುಬ್ಬಳ್ಳಿಯಲ್ಲಿ ಮಾಡಿಸುವುದೆಂದು ನಿಶ್ಚಯವಾಗಿದೆ. ಅಲ್ಲಿಯವರೆಗಿನ ಅವಧಿಯನ್ನು ಸುಮ್ಮನೆ ಕಳೆಯದೆ ಕಾಲನ್ನು ಬಲಪಡಿಸಿಕೊಳ್ಳಬೇಕೆಂದು ಶಿರಸಿಯ ಫಿಸಿಯೋಥೆರಪಿಸ್ಟರು ಸೂಚಿಸಿದ್ದಾರೆ. ಅವರು ಕೊಟ್ಟ ಕಾರಣ ನನಗೆ ಒಪ್ಪಿಗೆಯಾಯಿತು. ಕೀಲಿನಲ್ಲಿ ನೋವು ಮತ್ತು ಊತ ಇದ್ದಾಗ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಹೋಗುವ ನರಗಳ ಸಂಕೇತವೇ ಕುಂಠಿತವಾಗುತ್ತದೆ. ಹೀಗಾಗಿ ಸವೆದ ಮೊಣಕಾಲಿನವರ ತೊಡೆ ವರ್ಷಗಳಿಂದಲೇ ಸೊರಗಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ಉಳಿದಿದ್ದ ಬಲವೂ ಅರ್ಧದಷ್ಟು ಕುಗ್ಗುವುದುಂಟು. ಕುಗ್ಗಿದ ಮೇಲೂ ಎದ್ದು ನಿಲ್ಲುವಷ್ಟು ಉಳಿಯಬೇಕಾದರೆ ಮೊದಲೇ ಸ್ವಲ್ಪ ಕೂಡಿಟ್ಟುಕೊಂಡಿರಬೇಕು.

ಕೋನಮಾಪಕದಲ್ಲಿ ಅಳೆದಾಗ ನನ್ನ ಕಾಲು 105 ಡಿಗ್ರಿಯವರೆಗೆ ಮಡಚುತ್ತದೆ. ಆದರೆ ಪೂರ್ತಿ ನೆಟ್ಟಗಾಗಲು ಇನ್ನೂ 12 ಡಿಗ್ರಿ ಬಾಕಿ ಉಳಿಯುತ್ತದೆ. ಮಡಚುವುದರ ಬಗ್ಗೆ ಮಾತ್ರ ಯೋಚಿಸುತ್ತಿದ್ದ ನನಗೆ ಈ ಎರಡನೆಯ ಅಂಕಿಯೇ ಹೆಚ್ಚು ಮುಖ್ಯವೆಂದು ತಿಳಿದದ್ದು ಆಗಲೇ. ಸಮತಟ್ಟು ನೆಲದಲ್ಲಿ ನಡೆಯಲು 65 ಡಿಗ್ರಿಯಷ್ಟು ಮಡಚಿದರೆ ಸಾಕಾಗುತ್ತದೆ. ಕಾಲು ನೆಟ್ಟಗಾಗದಿದ್ದರೆ ಮಾತ್ರ ನಿಂತಷ್ಟು ಹೊತ್ತೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕಾಗುತ್ತದೆ, ಸೊಂಟವೂ ಒಂದು ಕಡೆಗೆ ವಾಲುತ್ತದೆ.

ಆಷಾಢ ಮುಗಿಯುವ ಹೊತ್ತಿಗೆ

ವ್ಯಾಯಾಮಗಳು ನೋಡುವುದಕ್ಕೆ ಏನೂ ಅಲ್ಲ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲಿನ ಹಿಂಭಾಗಕ್ಕೆ ಯಾವ ಆಧಾರವೂ ಇಲ್ಲದಂತೆ ಮಲಗಿ, ತೊಡೆಯನ್ನು ಬಿಗಿಹಿಡಿದು ಕಾಲನ್ನು ಕೆಳಕ್ಕೆ ಒತ್ತಬೇಕು. ಐದಾರು ಸೆಕೆಂಡು ಹಿಡಿದು ಬಿಡಬೇಕು. ಬಳಿಕ ಎಡಗಾಲನ್ನು ಮಡಚಿಟ್ಟು ಬಲಗಾಲನ್ನು ನೇರವಾಗಿ ಎತ್ತುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಡಚುವುದು, ಪಕ್ಕಕ್ಕೆ ಹೊರಳಿ ಕಾಲನ್ನು ಮೇಲೆತ್ತಿ ಪೃಷ್ಠದ ಬದಿಯ ಸ್ನಾಯುವನ್ನು ಗಟ್ಟಿಮಾಡುವುದು. ರಾತ್ರಿ ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ಮಲಗುವುದಕ್ಕೆ ಈಗ ಕಡ್ಡಾಯ ನಿಷೇಧವಿದೆ. ಅದರಿಂದ ನೋವು ಕಡಿಮೆಯಾಗುವುದು ನಿಜವಾದರೂ ಕಾಲು ಮಡಚಿದ ಭಂಗಿಯಲ್ಲೇ ಬಿಗಿದುಕೊಳ್ಳುತ್ತದೆ.

ನಿಜವಾದ ಪರೀಕ್ಷೆ ಇರುವುದು ಇಳಿಯುವುದರಲ್ಲಿ. ನಮ್ಮ ಮನೆ ಗುಡ್ಡದ ಬದಿಯಲ್ಲಿದ್ದು, ತೋಟ ಕೆಳಗಿನ ಕಣಿವೆಯಲ್ಲಿದೆ. ಇಳಿಜಾರಿನಲ್ಲಿ ಕ್ವಾಡ್ರಿಸೆಪ್ಸ್ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕಾಗುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಕಷ್ಟವಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಜಗಲಿಯ ಅತ್ಯಂತ ತಗ್ಗಿನ ಮೆಟ್ಟಿಲಿನಲ್ಲಿ, ಕಂಬ ಹಿಡಿದು, ನಿಧಾನವಾಗಿ ಇಳಿಯುವುದನ್ನೇ ಒಂದು ವ್ಯಾಯಾಮವಾಗಿ ಸೇರಿಸಿಕೊಂಡಿದ್ದೇವೆ. ಮಾಡಿದ ಮರುದಿನ ಊತ ಹೆಚ್ಚಿದರೆ ಪ್ರಮಾಣವನ್ನು ತಗ್ಗಿಸಬೇಕೆಂಬುದು ಅವರು ಹಾಕಿಕೊಟ್ಟ ನಿಯಮ. ಕೊಳೆ ರೋಗದ ಔಷಧಿ ಹೊಡೆಸುವಾಗ ಮರದ ಬುಡದಲ್ಲಿ ನಿಲ್ಲುವ ಕೆಲಸವನ್ನು ಈ ಬಾರಿ ಮಗನಿಗೆ ವಹಿಸಿದ್ದೇನೆ. ತೋಟಕ್ಕೆ ಇಳಿಯದಿರಲು ಇನ್ನೊಂದು ಕಾರಣವೂ ಇದೆ. ಉಂಬಳ (ಜಿಗಣೆ) ಕಚ್ಚಿ ಕೆರೆದ ಗಾಯ, ಕಾಲ್ಬೆರಳ ಸಂದಿಯ ಕೆಸರುಹುಣ್ಣು ಇಂಥವು ಸೋಂಕಾದರೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡುತ್ತಾರೆ, ಏಕೆಂದರೆ ಲೋಹದ ಕೀಲಿಗೆ ತಗುಲಿದ ಸೋಂಕನ್ನು ಗುಣಪಡಿಸುವುದು ಬಹಳ ಕಠಿಣ.

ಶ್ರಾವಣ

ನೆಟ್ಟಗಾಗುವಲ್ಲಿ ಬಾಕಿ ಈಗ 7 ಡಿಗ್ರಿ. ಮಡಚುವುದು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಕೀಲಿನೊಳಗೆ ಬೆಳೆದ ಮೂಳೆಯ ಮುಳ್ಳುಗಳು ತಡೆಯುತ್ತಿರುವಾಗ ವ್ಯಾಯಾಮದಿಂದ ಅದು ಬಹಳ ಹೆಚ್ಚುವುದಿಲ್ಲ. ತೋಳಿಲ್ಲದ ಕುರ್ಚಿಯಿಂದ, ಕೈಗಳನ್ನು ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಬಾರಿ ಎದ್ದು ಕೂರಬಹುದೆಂಬ ಪರೀಕ್ಷೆಯಲ್ಲಿ ಮಾತ್ರ ಪ್ರಗತಿ ಸ್ಪಷ್ಟವಾಗಿದೆ. ಮೊದಲು ಕೈ ಊರದೆ ಏಳಲು ಆಗುತ್ತಲೇ ಇರಲಿಲ್ಲ.

ಕವಳಕ್ಕೆ (ಎಲೆಯಡಿಕೆಗೆ) ತಂಬಾಕು ಹಾಕುವುದನ್ನು ನಿಲ್ಲಿಸಿದ್ದೇನೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡಮಾಡುವುದರಿಂದ ಕನಿಷ್ಠ 4 ವಾರ ಮೊದಲೇ ಬಿಡಬೇಕೆಂದು ಹೇಳಿದ್ದರು. ಒಟ್ಟು ಸಿದ್ಧತೆಯಲ್ಲಿ ಇದಕ್ಕಿಂತ ಕಷ್ಟದ ಭಾಗ ಮತ್ತೊಂದಿಲ್ಲ.

ಬಂದ ನೆಂಟರೆಲ್ಲರ ಪ್ರಶ್ನೆ ಒಂದೇ: “ಭಾವ, ಆಪರೇಷನ್ ಆದ ಮೇಲೆ ಕೆಳಗೆ ಕೂತ್ಗಂಬಲೆ ಆಗ್ತಾ?” ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವುದೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದೂ ಬದುಕಿನ ಭಾಗವಾಗಿರುವ ಊರಿನಲ್ಲಿ ಈ ಪ್ರಶ್ನೆ ಸಹಜವೇ. ಆದರೆ ಹೊಸ ಕೀಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿಯಷ್ಟು ಮಡಚುತ್ತದೆ, ಕುಕ್ಕರಗಾಲಿನಲ್ಲಿ ಕೂರಲು 130ಕ್ಕೂ ಹೆಚ್ಚು ಬೇಕು; ಶಸ್ತ್ರಚಿಕಿತ್ಸೆಗೆ ಮೊದಲು ಎಷ್ಟು ಮಡಚುತ್ತಿತ್ತೋ ಅದರ ಆಸುಪಾಸಿನಲ್ಲೇ ನಂತರದ್ದೂ ನಿಲ್ಲುವುದು ಹೆಚ್ಚು. ನನ್ನ ಉತ್ತರ ‘ಇಲ್ಲ’ ಎಂದೇ. ಊಟಕ್ಕೆ ಮೇಜು ಬಂದಿದೆ.

ಚೌತಿಯ ಮುನ್ನಾ ವಾರ

ಬಾಕಿ 5 ಡಿಗ್ರಿಗೆ ಇಳಿದಿದೆ, ಮಡಚುವುದು 108. ಈ ಸಿದ್ಧತೆಯಿಂದ ಮೊದಲ ಕೆಲವು ವಾರಗಳು ಸುಗಮವಾಗಬಹುದು. ವರ್ಷದ ಕೊನೆಗೆ ಮಾಡಿದವರಿಗೂ ಮಾಡದವರಿಗೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲವೆಂದು ಫಿಸಿಯೋಥೆರಪಿಸ್ಟರೇ ಹೇಳಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಮೊದಲ ವಾರಗಳೇ ಮನೆಯವರಿಗೆ ಭಾರವಾಗುವ ವಾರಗಳಾದ್ದರಿಂದ ಅಷ್ಟು ಸಿಕ್ಕರೂ ಲಾಭವೇ.

ಈಗಿನ ಗಮನವೆಲ್ಲ ವಾಕರಿನ ಮೇಲೆ. ನೋವಿನ ಮಂಪರಿನಲ್ಲಿ ಕಲಿಯುವುದಕ್ಕಿಂತ ಈಗಲೇ ಕಲಿಯುವುದು ಲೇಸೆಂದು ಅದನ್ನು ತಂದಿಟ್ಟುಕೊಂಡು, ಮೊದಲು ವಾಕರ್, ಬಳಿಕ ಬಲಗಾಲು, ಕೊನೆಗೆ ಎಡಗಾಲು ಎಂಬ ಕ್ರಮವನ್ನು ರೂಢಿಸಿಕೊಳ್ಳುತ್ತಿದ್ದೇನೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ನಡೆದು ನೋಡಿದ್ದರಿಂದಲೇ ಮನೆಯ ತೊಡಕುಗಳು ಹೊರಬಿದ್ದವು: ಹೊಸ್ತಿಲುಗಳು ವಾಕರಿಗೆ ಎತ್ತರವಾಗುತ್ತವೆ, ಬಚ್ಚಲಿನ ನೆಲ ಹಾವಸೆಗಟ್ಟಿದೆ, ಅಂಗಳಕ್ಕೆ ಹಾಸಿದ ಸೋಗೆಯಲ್ಲಿ ವಾಕರಿನ ಕಾಲು ಸಿಕ್ಕಿಕೊಳ್ಳುತ್ತದೆ. ಮೆತ್ತಿನ ಮೇಲಿದ್ದ ನನ್ನ ಹಾಸಿಗೆಯನ್ನು ಕೆಳಗಿನ ಕೋಣೆಗೆ ಇಳಿಸಿ ಮಂಚವನ್ನು ಎತ್ತರಿಸಲಾಗಿದೆ. ಕಮೋಡ್ ಕೂರಿಸಿಯಾಗಿದೆ, ಅದರ ಪಕ್ಕದ ಗೋಡೆಗೆ ಹಿಡಿಕೆ ಹಾಕಿಸುವುದು ಮತ್ತು ಒಳಬಾಗಿಲ ಹೊಸ್ತಿಲಿಗೆ ಎರಡೂ ಕಡೆ ಇಳಿಜಾರು ಹಲಗೆ ಜೋಡಿಸುವುದು ಬಾಕಿ. ಬಡಗಿ ಚೌತಿಯ ಮಂಟಪದ ಕೆಲಸ ಮುಗಿಸಿ ಬರುವುದಾಗಿ ಹೇಳಿದ್ದಾನೆ. ರಕ್ತದ ಸಕ್ಕರೆ, ಹಿಮೋಗ್ಲೋಬಿನ್ ಮತ್ತು ಹಲ್ಲಿನ ತಪಾಸಣೆ ಹಬ್ಬದ ಮರುವಾರ.