‘ಮೂಲ ಚಿತ್ರ ಎನ್ನುತ್ತೀರಿ, ಬಣ್ಣವೇ ಇಲ್ಲವಲ್ಲ?’

ಅಮೆರಿಕದ ಪತ್ರಿಕೆಗಳಲ್ಲಿ ಬರುತ್ತಿದ್ದ ಹಳೆಯ ಚಿತ್ರಕಥೆಗಳ ಬಗ್ಗೆ ಮಾತೆತ್ತಿದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಭಾನುವಾರದ ಪುಟ ಪತ್ರಿಕೆಯಲ್ಲಿ ಬಣ್ಣದಲ್ಲಿ ಬಂದಿದೆ, ಕಲಾವಿದರು ಕೈಯಾರೆ ಬರೆದ ಮೂಲ ಹಾಳೆ ಮಾತ್ರ ಕಪ್ಪು-ಬಿಳುಪು. ಬಣ್ಣ ಮಾಸಿತೇ, ಇಲ್ಲ ಇದು ನಕಲಿಯೇ?’

ಎರಡೂ ಅಲ್ಲ. ಆ ಹಾಳೆಗೆ ಬಣ್ಣ ತಾಗಿಯೇ ಇರಲಿಲ್ಲ. ಕಲಾವಿದರು ದಪ್ಪನೆಯ ಬಿಳಿ ರಟ್ಟಿನ ಮೇಲೆ, ಅಚ್ಚಾಗುವ ಅಳತೆಗಿಂತ ಸಾಕಷ್ಟು ದೊಡ್ಡದಾಗಿ, ಕಪ್ಪು ಮಸಿಯಲ್ಲಿ ಚಿತ್ರ ಬರೆಯುತ್ತಿದ್ದರು. ಎಲ್ಲಿ ಯಾವ ಬಣ್ಣ ಬರಬೇಕು ಎಂಬುದನ್ನು ಬೇರೊಂದು ಪ್ರತಿಯ ಮೇಲೆ ಬಳಿದು ತೋರಿಸಲಾಗುತ್ತಿತ್ತು. ಅದನ್ನು ನೋಡಿಕೊಂಡು ಕೆಂಪು, ಹಳದಿ, ನೀಲಿಗೆ ಒಂದೊಂದು ಅಚ್ಚಿನ ಫಲಕ ಮಾಡುವುದು ಮುದ್ರಣದವರ ಕೆಲಸ.

ನಂಬಿಕೆ ಬಾರದವರು ಚಿತ್ರಕಥೆಯ ಮುಖವಾಡದ ವೀರ ಫ್ಯಾಂಟಮ್‌ನನ್ನು ನೋಡಲಿ. ಕಥೆಗಾರ ಲೀ ಫಾಕ್ 1936ರಲ್ಲಿ ಅವನನ್ನು ದಿನಪತ್ರಿಕೆಗೆ ತಂದಾಗ ಅವರು ಎಣಿಸಿದ್ದ ಉಡುಪು ಬೂದು ಬಣ್ಣದ್ದು. 1939ರಲ್ಲಿ ಭಾನುವಾರದ ಪುಟ ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು! ಇಟಲಿ, ಬ್ರೆಜಿಲ್‌ಗಳಲ್ಲಿ ಕೆಂಪಾಯಿತು, ಸ್ವೀಡನ್‌ನಲ್ಲಿ ನೀಲಿಯಾಯಿತು. ಇಂದ್ರಜಾಲ ಕಾಮಿಕ್ಸ್ ಅನ್ನು ಕನ್ನಡದಲ್ಲಿ ಓದಿ ಬೆಳೆದವರು ಇಂದಿಗೂ ನೇರಳೆಯ ಮೇಲೆಯೇ ಆಣೆ ಇಡುತ್ತಾರೆ. ಅವನ ಚಿತ್ರ ಬರೆದ ರೇ ಮೂರ್ ಎಳೆದ ಕಪ್ಪು ಗೆರೆಗೆ ಈ ಜಗಳದ ಗೊಡವೆಯೇ ಇಲ್ಲ.

ಹಾಗಾದರೆ ಮೂಲದಲ್ಲಿ ನೋಡುವುದಕ್ಕೆ ಏನಿದೆ? ನನಗೆ ಕೇಳಿದರೆ ಅಚ್ಚಿನ ಪುಟಕ್ಕಿಂತ ಹೆಚ್ಚೇ ಇದೆ. ಮಸಿಯ ಕೆಳಗೆ ಅಲ್ಲಲ್ಲಿ ತಿಳಿನೀಲಿ ಪೆನ್ಸಿಲಿನ ಗೆರೆಗಳು ಇಣುಕುತ್ತವೆ. ಅಚ್ಚಿನ ಫಲಕಕ್ಕಾಗಿ ತೆಗೆಯುವ ಫೋಟೊದಲ್ಲಿ ಆ ನೀಲಿ ಮೂಡುವುದಿಲ್ಲ, ಹಾಗಾಗಿ ಅಳಿಸುವ ತಾಪತ್ರಯವಿರಲಿಲ್ಲ. ತಪ್ಪಿದ ಮೂಗಿನ ಮೇಲೆ ಬಿಳಿ ಬಣ್ಣದ ತೇಪೆ ಇರುತ್ತದೆ. ಮೂಲೆಯಲ್ಲಿ ಹಕ್ಕುಸ್ವಾಮ್ಯದ ಪುಟ್ಟ ಚೀಟಿ, ಅದರಂಚಿನಲ್ಲಿ ಕಂದಾದ ಗೋಂದು. ಪತ್ರಿಕೆಯಲ್ಲಿ ಬರೀ ಕಪ್ಪಾಗಿ ಕಾಣುವ ರಾತ್ರಿಯ ಆಕಾಶದಲ್ಲಿ ಕುಂಚ ಯಾವ ಕಡೆಯಿಂದ ಯಾವ ಕಡೆಗೆ ಓಡಿತೆಂದು ಕೂಡ ತಿಳಿಯುತ್ತದೆ. ಫೋಟೊ ತೆಗೆದಾದ ಮೇಲೆ ಇಂಥ ಹಾಳೆಗಳನ್ನು ರದ್ದಿಯಂತೆ ಕಂಡವರೇ ಹೆಚ್ಚು. ಉಳಿದಿರುವವುಗಳಲ್ಲಿ ದೊಡ್ಡ ಸಂಗ್ರಹವೊಂದು ಕೊಲಂಬಸ್ ನಗರದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯದಲ್ಲಿದೆ.

ಇದಕ್ಕೆ ಅಪವಾದವೂ ಉಂಟು. ‘ಕ್ರೇಜಿ ಕ್ಯಾಟ್’ ಬರೆದ ಜಾರ್ಜ್ ಹೆರಿಮನ್ ಕೆಲವು ಪುಟಗಳಿಗೆ ತಾವೇ ಬಣ್ಣ ತುಂಬಿ ಗೆಳೆಯರಿಗೆ ಉಡುಗೊರೆ ಕೊಟ್ಟಿದ್ದರು. ಆದ್ದರಿಂದ ನನ್ನ ಅನುಮಾನ ನಿಮ್ಮದಕ್ಕೆ ತಿರುಗುಮುರುಗು. ಕಪ್ಪು-ಬಿಳುಪಿನ ಹಾಳೆ ನೋಡಿದರೆ ನಾನು ನಿಶ್ಚಿಂತ. ಬಣ್ಣದ್ದು ಎದುರಾದರೆ ಮಾತ್ರ, ಬಳಿದವರು ಕಲಾವಿದರೋ ಅಥವಾ ಆ ಹಾಳೆ ಸಿಕ್ಕ ಮನೆಯ ಮಗುವೋ ಎಂದು ವಿಚಾರಿಸುತ್ತೇನೆ.