ದಾರಿ ಕೇಳುವ ಮೊದಲು ತಿಂಗಳು ಹೇಳಿ

“ನಾಲೆ ಏರಿಯ ಸೈಕಲ್ ದಾರಿಯ ನಕ್ಷೆ ಕಳಿಸುತ್ತೀರಾ?”

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕನ್ನಂಬಾಡಿಯಿಂದ ತಿರುಮಕೂಡಲು ನರಸೀಪುರದವರೆಗೆ, ಕಾವೇರಿಯ ಎರಡೂ ದಂಡೆಯ ಮಣ್ಣು ದಾರಿಗಳಲ್ಲಿ ಹಲವು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ. ಫೋಟೊ ನೋಡಿದವರಿಗೆ ತಾವೂ ಹೋಗಬೇಕೆನಿಸುತ್ತದೆ. ನಕ್ಷೆಯ ಫೈಲ್ ಒಂದು ಸಿಕ್ಕರೆ ಮೊಬೈಲಿಗೆ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಹೊರಟುಬಿಡಬಹುದು ಎಂದುಕೊಳ್ಳುತ್ತಾರೆ. ನಾನು ಫೈಲ್ ಕಳಿಸುವುದಿಲ್ಲ, ಯಾವ ತಿಂಗಳು ಹೊರಡುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಗುಟ್ಟು ಬಿಟ್ಟುಕೊಡದ ಬುದ್ಧಿ ಎಂದು ಕೆಲವರು ಬೇಸರಪಟ್ಟಿದ್ದಾರೆ. ಅವರಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ಸೀಮೆಯಲ್ಲಿ ಹೊಳೆಗೆ ಅಡ್ಡಕಟ್ಟೆ ಹಾಕಿ ನೀರು ತಿರುಗಿಸುವ ಕೆಲಸ ಬಹಳ ಹಳೆಯದು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಗುವ ಹೊತ್ತಿಗೆ ಎಡದಂಡೆಯ ಚಿಕ್ಕದೇವರಾಯಸಾಗರ ನಾಲೆಯೂ ಬಲದಂಡೆಯ ವಿರಿಜಾ ನಾಲೆಯೂ ತಲೆಮಾರುಗಳಿಂದ ಗದ್ದೆ ತಣಿಸುತ್ತಿದ್ದವು. ಬಂಗಾರದೊಡ್ಡಿ ನಾಲೆಯಂತೂ ಕಾವೇರಿಯ ಒಂದು ಕವಲನ್ನೇ ಮೇಲುಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಬರುತ್ತದೆ. ಆಮೇಲೆ ಬಂದ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ಹಾದು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಹರಿಯುತ್ತದೆ. ಇವುಗಳ ಮಗ್ಗುಲಲ್ಲಿ ಏರಿ, ಏರಿಯ ಮೇಲೆ ಗರಸು ಹಾಸಿದ ದಾರಿ. ತೂಬು ನೋಡಿಕೊಳ್ಳುವವರೂ ಹೂಳೆತ್ತುವ ಯಂತ್ರಗಳೂ ಓಡಾಡಲೆಂದು ಮಾಡಿದ ದಾರಿ ಅದು.

ನಾಲೆಯ ನೀರು ತಾನಾಗಿ ಹರಿಯಬೇಕು, ಆದರೆ ದಂಡೆ ಕೊರೆಯುವಷ್ಟು ರಭಸ ಇರಬಾರದು. ಹೀಗಾಗಿ ನಾಲೆ ತೋಡಿದವರು ಗುಡ್ಡ ಹತ್ತದೆ, ಹಳ್ಳಕ್ಕೆ ಇಳಿಯದೆ, ನೆಲದ ಒಂದೇ ಮಟ್ಟ ಹಿಡಿದು ಬಳಸಿಕೊಂಡು ಹೋಗಿದ್ದಾರೆ. ಎದುರಿಗೇ ಕಾಣುವ ಊರಿನ ಗೋಪುರ ಅರ್ಧ ಗಂಟೆ ತುಳಿದರೂ ಹತ್ತಿರ ಬರುವುದಿಲ್ಲ. ಆದರೆ ತೊಡೆ ಉರಿಸುವ ಏರು ಒಂದೂ ಇಲ್ಲ. ಸೈಕಲ್ ಮೇಲಿಂದ ಇನ್ನೊಂದು ಸಂಗತಿಯೂ ಚೆನ್ನಾಗಿ ಕಾಣುತ್ತದೆ. ನಾಲೆಯ ಕೆಳಮಗ್ಗುಲಿಗೆ ಭತ್ತ, ಕಬ್ಬು, ತೆಂಗು. ಮೇಲ್ಮಗ್ಗುಲಿಗೆ ರಾಗಿ, ಹುರುಳಿ, ಕುರಿ ಮೇಯುವ ಬೋರೆ. ಹತ್ತಡಿ ಅಗಲದ ದಾರಿಯ ಒಂದು ಕಡೆ ನೀರಾವರಿ, ಇನ್ನೊಂದು ಕಡೆ ಮಳೆ ನೆಚ್ಚಿದ ಬದುಕು. ಎರಡೂ ಕಡೆಯ ಮನೆಗಳೇ ಬೇರೆ, ದನಗಳ ಮೈಕಟ್ಟೇ ಬೇರೆ. ಹೆದ್ದಾರಿಯಲ್ಲಿ ಹೋಗುವವರಿಗೆ ಈ ಗೆರೆ ಕಾಣುವುದೇ ಇಲ್ಲ. (ಹೆದ್ದಾರಿಯ ಮಾತು ಬಂದದ್ದರಿಂದ ಹೇಳುತ್ತೇನೆ: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ ಸೈಕಲ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಬನ್ನಿ.)

ಇನ್ನು ತಿಂಗಳಿನ ಮಾತು. ಒಂದು ಆಗಸ್ಟ್‌ನಲ್ಲಿ ಬನ್ನೂರಿನ ಆಚೆ, ಹದಿನೈದು ದಿನದ ಹಿಂದೆಯಷ್ಟೇ ಸರಾಗವಾಗಿ ದಾಟಿದ್ದ ಏರಿಯ ಮೇಲೆ ನಾನು ಸಿಕ್ಕಿಕೊಂಡೆ. ಗದ್ದೆ ಕಲಸಿದ ಟ್ರ್ಯಾಕ್ಟರುಗಳು ಕಬ್ಬಿಣದ ಚಕ್ರದಲ್ಲಿ ಹೊತ್ತು ತಂದ ಕೆಸರು ದಾರಿಯ ತುಂಬ ಇತ್ತು. ಎರೆ ಮಣ್ಣು ಟೈರಿಗೂ ಫೋರ್ಕಿಗೂ ನಡುವೆ ಗಾರೆಯಂತೆ ತುಂಬಿಕೊಂಡು ಚಕ್ರ ತಿರುಗದೆ ನಿಂತಿತು. ಕಡ್ಡಿಯಲ್ಲಿ ಕೆರೆಯುತ್ತ ಕೂತಿದ್ದಾಗ ಹೆಗಲ ಮೇಲೆ ಸನಿಕೆ ಹೊತ್ತ ನೀರುಗಂಟಿ ಬಂದರು. ಯಾವ ಗದ್ದೆಗೆ ಯಾವಾಗ ನೀರು ಎಂಬ ಲೆಕ್ಕ ಇಟ್ಟುಕೊಂಡು ತೂಬು ತೆಗೆದು ಮುಚ್ಚುವವರು.

“ಎಲ್ಲಿಗೆ ಹೊರಟಿದ್ದೀಯವ್ವ?”

“ಸೋಮನಾಥಪುರಕ್ಕೆ, ಯಜಮಾನರೇ. ಹೋದ ಸಲ ದಾರಿ ಚೆನ್ನಾಗಿತ್ತು.”

“ಆಗ ನೀರು ಕಟ್ಟಿದ್ದರು. ಈಗ ಬಿಟ್ಟಿದ್ದಾರೆ. ನೀರು ಇದ್ದಾಗ ಆ ಕಡೆ ಏರಿ ಹಿಡಿಯಬೇಕು ಕಣವ್ವ. ಈ ಕಡೆ ಎಲ್ಲ ತೂಬು.”

ಅಷ್ಟು ವರ್ಷ ತುಳಿದಿದ್ದರೂ ನನಗೆ ಹೊಳೆಯದಿದ್ದ ವಿಷಯ ಇದು. ತೂಬುಗಳು ಇರುವುದು ಇಳಿಜಾರಿನ ಮಗ್ಗುಲಿಗೆ, ಗದ್ದೆಗಳ ಕಡೆಗೆ. ನೀರು ಬಿಟ್ಟಾಗ ಜಿನುಗುವುದು, ಟ್ರ್ಯಾಕ್ಟರ್ ಹತ್ತಿ ಇಳಿಯುವುದು, ಕೆಸರಾಗುವುದು ಎಲ್ಲ ಆ ಮಗ್ಗುಲಲ್ಲೇ. ಮೇಲ್ಮಗ್ಗುಲಿನ ಏರಿ ಆಗ ಒಣಗಿರುತ್ತದೆ. ಜೋರು ಮಳೆ ಬಿದ್ದ ಮರುದಿನ ಇದು ತಿರುವುಮುರುವು: ಬೋರೆಯ ಮೇಲಿನ ನೀರು ಹರಿದುಬಂದು ಮೇಲಿನ ಏರಿಯನ್ನು ಕೊರೆಯುತ್ತದೆ. ಮೇಲಿನ ಏರಿಯಲ್ಲಿ ದಾರಿ ಎಲ್ಲೆಡೆಯೂ ಇಲ್ಲ, ಅಲ್ಲಲ್ಲಿ ಮುಳ್ಳುಪೊದೆಯಲ್ಲಿ ಮುಗಿದುಹೋಗುತ್ತದೆ. ನಕ್ಷೆಯ ಫೈಲಿನಲ್ಲಿ ಇರುವುದು ಒಂದೇ ಗೆರೆ. ಅದು ನಾನು ಹೋದ ದಿನದ ಗೆರೆ. ಅಣೆಕಟ್ಟೆಯಲ್ಲಿ ನೀರು ಕಡಿಮೆ ಇದ್ದ ವರ್ಷ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ಆಗ ತಿಂಗಳಷ್ಟೇ ಗೊತ್ತಿದ್ದರೆ ಸಾಲದು, ವಾರವೂ ಬೇಕು. ಆ ಭಾಗದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲೆಗೆ ನೀರು ಬಿಡುವ ಸುದ್ದಿ ಬರುತ್ತದೆ. ನಾನು ಹವಾಮಾನಕ್ಕಿಂತ ಮೊದಲು ಅದನ್ನು ಓದುತ್ತೇನೆ.

ನನ್ನ ಮೆಚ್ಚಿನ ಕಾಲ ಡಿಸೆಂಬರ್ ಮತ್ತು ಜನವರಿ. ಭತ್ತದ ಕೊಯ್ಲಾಗಿರುತ್ತದೆ, ಗರಸು ಗಟ್ಟಿಯಾಗಿರುತ್ತದೆ, ಆಲೆಮನೆಯ ಹೊಗೆ ಬೆಳಗಿನ ಮಂಜಿನೊಡನೆ ಸೇರಿಕೊಂಡು ಏರಿಯ ಮೇಲೆ ಬೆಲ್ಲದ ವಾಸನೆ ಹರಡಿರುತ್ತದೆ. ಆ ದಿನಗಳಲ್ಲಿ ದಾರಿಯ ಮೇಲೆ ಹುರುಳಿ, ರಾಗಿ ಹರಡಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ ಎನ್ನುವುದು ಒಂದು ಕಾರಣ, ಅದು ಒಂದು ಮನೆಯ ವರ್ಷದ ಬೆಳೆ ಎನ್ನುವುದು ಇನ್ನೊಂದು. ಮಾರ್ಚ್ ದಾಟಿದರೆ ಧೂಳು, ಜಾಲಿ ಮುಳ್ಳು.

ಸೈಕಲ್ ಯಾವುದು ಎಂದೂ ಕೇಳುತ್ತಾರೆ. 40 ಮಿಲಿಮೀಟರ್ ಅಗಲದ ಟೈರ್ ಇದ್ದರೆ ಹಿತ. ಇದೇ ದಾರಿಯಲ್ಲಿ ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೇರಿಕೊಂಡು ಹಳೆಯ ಕಪ್ಪು ಸೈಕಲ್ಲಿನಲ್ಲಿ ದಿನವೂ ಹೋಗುವವರಿದ್ದಾರೆ. ಇರುವುದನ್ನೇ ತನ್ನಿ.

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಬೇಡ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ದೊಡ್ಡ ನಾಲೆ ನೋಡಲು ಸೌಮ್ಯ, ಆದರೆ ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿದರೆ ಈಜು ಬಲ್ಲವರಿಗೂ ಹಿಡಿತ ಸಿಗುವುದಿಲ್ಲ. ತುಂಬಿದ ನಾಲೆಯ ಮಗ್ಗುಲಲ್ಲಿ ಜೋಡಿಯಾಗಿ ತುಳಿಯಬೇಡಿ, ಕತ್ತಲಾದ ಮೇಲೆ ಏರಿಯ ಮೇಲೆ ಇರಲೇಬೇಡಿ.

ಮೊದಲ ಸಲ ಬರುವವರು ಶ್ರೀರಂಗಪಟ್ಟಣದಿಂದ ಪಾಲಹಳ್ಳಿಗೆ ಬಂದು, ಆದಷ್ಟೂ ವಿರಿಜಾ ನಾಲೆಯ ಮಗ್ಗುಲನ್ನೇ ಹಿಡಿದು ಬಲಮುರಿಯವರೆಗೆ ಹೋಗಿ. ಅಲ್ಲಿ ಹಳೆಯ ಅಡ್ಡಕಟ್ಟೆಯ ಮೇಲೆ ನೀರು ಉರುಳುವುದನ್ನು ನೋಡಿದರೆ ಇಡೀ ಸೀಮೆಯ ಲೆಕ್ಕ ಅರ್ಥವಾಗುತ್ತದೆ. ನಡುವೆ ರಂಗನತಿಟ್ಟು ಸಿಗುತ್ತದೆ. 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳು 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದವು. ಸೈಕಲ್ ಹೊರಗೆ ನಿಲ್ಲಿಸಿ ದೋಣಿ ಹತ್ತಿ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನ ದೋಣಿ ಇರುವುದಿಲ್ಲ. ಇಲ್ಲಿಯೂ ನೀರಿನದೇ ಮಾತು. ಉದ್ದದ ದಾರಿ ಬೇಕೆನ್ನುವವರಿಗೆ ಬನ್ನೂರು, ಸೋಮನಾಥಪುರ, ಕಬಿನಿ ಬಂದು ಕೂಡುವ ತಿರುಮಕೂಡಲು, ಅಲ್ಲಿಂದ ತಲಕಾಡು. ಫೆಬ್ರುವರಿಯಲ್ಲಿ ಬಂದರೆ ಮದ್ದೂರಿನ ಕಡೆ ಕೊಕ್ಕರೆ ಬೆಳ್ಳೂರಿಗೂ ಹೋಗಿ. ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಮನೆಯ ಹಿತ್ತಿಲಿನ ಹುಣಸೆ ಮರದಲ್ಲೇ ಮರಿ ಮಾಡಿರುತ್ತವೆ.

ನಾಲೆಗಳಿಗೆ ಕಾಂಕ್ರೀಟ್ ಹಾಕಿದ ಮೇಲೆ, ಏರಿಗೆ ಡಾಂಬರು ಬಂದ ಮೇಲೆ ಮೊದಲಿನ ಸೊಗಸು ಹೋಯಿತೆಂದು ಸೈಕಲ್ಲಿನ ಗೆಳೆಯರು ಕೊರಗುತ್ತಾರೆ. ನೆರಳಿನ ಮರಗಳು ಹೋದದ್ದಕ್ಕೆ ನನಗೂ ಸಂಕಟವಿದೆ. ಆದರೆ ನೀರು ದಾರಿಯಲ್ಲೇ ಇಂಗಿಹೋಗಿ ಕೊನೆಯ ಭಾಗದ ಗದ್ದೆ ಒಣಗುವುದನ್ನು ಮಳವಳ್ಳಿಯ ಕಡೆ ಕಣ್ಣಾರೆ ಕಂಡವಳು ನಾನು. ಗರಸಿನ ದಾರಿಗಾಗಿ ಆ ಕಾಂಕ್ರೀಟನ್ನು ಬೇಡವೆನ್ನಲಾರೆ.

ಒಂದು ಜುಲೈಯಲ್ಲಿ ಆ ಕಡೆಯ ಉಪನಾಲೆಯೊಂದರ ಏರಿಯಲ್ಲಿ ಬರುತ್ತಿದ್ದೆ. ನಾಲೆ ಬರಿದಾಗಿತ್ತು, ತಳ ಬಿರಿದಿತ್ತು. ಹಿಂದಿನಿಂದ ಒಣಗಿದ ಎಲೆ ಸರಿದಾಡಿದಂಥ ಸದ್ದು ಕೇಳಿಸಿತು. ತಿರುಗಿ ನೋಡಿದರೆ ನೀರು ಬರುತ್ತಿತ್ತು. ಮುಂದೆ ನೊರೆ, ಕಸ, ತೆಂಗಿನ ಗರಿ. ಅದರ ಹಿಂದೆ ಕೆಂಪು ನೀರು. ತಳದ ಬಿರುಕುಗಳು ಗುಳುಗುಳು ಎಂದು ತುಂಬಿಕೊಳ್ಳುತ್ತಿದ್ದವು. ಎಲ್ಲಿಂದಲೋ ಬಂದ ಬೆಳ್ಳಕ್ಕಿಗಳು ನೀರಿನ ಮೂತಿಯ ಮುಂದೆ ಮುಂದೆ ಹುಳ ಹೆಕ್ಕುತ್ತ ನಡೆದವು. ಮನುಷ್ಯ ನಡೆಯುವಷ್ಟೇ ವೇಗ ಅದರದು. ನಾನು ಸೈಕಲ್ಲನ್ನು ಅಷ್ಟೇ ನಿಧಾನ ಮಾಡಿ ಅದರ ಜೊತೆ ಎರಡು ಕಿಲೋಮೀಟರ್ ಬಂದೆ. ತಿರುವಿನಲ್ಲಿ ತೂಬಿನ ಪಕ್ಕ ನಾಲ್ಕೈದು ಮಂದಿ ಕೂತಿದ್ದರು. ನನ್ನನ್ನು ಕಂಡು ಒಬ್ಬರು ಎದ್ದು ನಿಂತು ಕೂಗಿದರು:

“ಬಂತೇನವ್ವಾ?”

“ಬಂತು ಅಣ್ಣ, ನನ್ನ ಹಿಂದೆಯೇ ಇದೆ.”